ಅಮೆರಿಕದ ಕಾಲೇಜು ಐಸ್ ಹಾಕಿ ಪ್ಲೇಆಫ್: ಕಾಲೇಜಿನ ರಿಂಕ್‌ನಲ್ಲೇ ಆಡಿಸಬೇಕೋ, ದೂರದ ಊರಲ್ಲೋ?

ಕಲಾಮಜೂ_ಕಿಟ್ಟಿ
ನಮಸ್ಕಾರ ಎಲ್ಲರಿಗೂ. ಸೇಂಟ್ ಲೂಯಿಸ್‌ನಿಂದ ನಿನ್ನೆ ರಾತ್ರಿ ಮನೆ ಸೇರಿದೆ. ಗಂಟಲು ಪೂರ್ತಿ ಕಟ್ಟಿದೆ. ಆದರೂ ಬರೆಯದೆ ಇರಲು ಆಗುತ್ತಿಲ್ಲ. ನಮ್ಮ ವೆಸ್ಟರ್ನ್ ಮಿಶಿಗನ್ ಗೆದ್ದಿತು! ಶನಿವಾರದ, ಅಂದರೆ 2025ರ ಏಪ್ರಿಲ್ 12ರ, ಫೈನಲ್‌ನಲ್ಲಿ ಬಾಸ್ಟನ್ ಯೂನಿವರ್ಸಿಟಿ ವಿರುದ್ಧ 6-2. ಐಸ್ ಹಾಕಿಯಲ್ಲಿ ಈ ಕಾಲೇಜಿಗೆ ಇದೇ ಮೊದಲ ರಾಷ್ಟ್ರೀಯ ಪ್ರಶಸ್ತಿ.

ನಾನು ಈ ಕಾಲೇಜಿನ ಊರಾದ ಕಲಾಮಜೂಗೆ ಬಂದು ಆರು ವರ್ಷ ಆಯಿತು. ಔಷಧ ಕಂಪನಿಯಲ್ಲಿ ಕೆಲಸ. ಮೊದಲ ಚಳಿಗಾಲದಲ್ಲಿ ಪಕ್ಕದ ಮನೆಯ ಹಿರಿಯರೊಬ್ಬರು ಲಾಸನ್ ಅರೀನಾಗೆ ಕರೆದುಕೊಂಡು ಹೋದರು. ನಾಲ್ಕು ಸಾವಿರ ಜನವೂ ಹಿಡಿಸದ ಜಾಗ. ಗಾಜಿಗೆ ಆಟಗಾರರು ಗುದ್ದಿದರೆ ನಮ್ಮ ಸೀಟೇ ಅದುರುತ್ತದೆ. ಒಂದು ಕಡೆ ವಿದ್ಯಾರ್ಥಿಗಳ ಗುಂಪು, ಇನ್ನೊಂದು ಕಡೆ ಕಾಲೇಜಿನ ಬ್ಯಾಂಡ್. ಎದುರು ತಂಡದ ಗೋಲ್‌ಕೀಪರ್ ಒಂದು ಗೋಲು ಬಿಟ್ಟರೆ ಸಾಕು, ಎಲ್ಲರೂ ಬೆರಳು ತೋರಿಸಿ 'ಸೀವ್, ಸೀವ್' ಅಂತ ಕೂಗುತ್ತಾರೆ. ಅಂದರೆ ಜರಡಿ. ಆವತ್ತೇ ನಾನು ಈ ಆಟಕ್ಕೆ ಬಿದ್ದೆ.

ಈ ಸಲದ ಸೆಮಿಫೈನಲ್ ಬಗ್ಗೆ ಹೇಳಲೇಬೇಕು. ಎದುರಿಗೆ ಡೆನ್ವರ್, ಹೋದ ವರ್ಷದ ಚಾಂಪಿಯನ್, ಒಟ್ಟು 10 ಸಲ ಗೆದ್ದ ತಂಡ. ನಾವು 2-0 ಮುಂದೆ ಇದ್ದೆವು. ಮೂರನೇ, ಅಂದರೆ ಕೊನೆಯ ಪೀರಿಯಡ್‌ನಲ್ಲಿ ಅವರು ಎರಡು ಹೊಡೆದು ಸಮ ಮಾಡಿದರು. ಮೊದಲ ಓವರ್‌ಟೈಮ್ 20 ನಿಮಿಷ, ಗೋಲಿಲ್ಲ. ಎರಡನೇ ಓವರ್‌ಟೈಮ್ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ, ಓವನ್ ಮೈಕಲ್ಸ್ ಹೊಡೆದ. ನಾನು ನೋಡಿದ್ದು ಗೋಲನ್ನಲ್ಲ. ಅಷ್ಟು ಹೊತ್ತಿಗೆ ಕಣ್ಣು ಮುಚ್ಚಿಕೊಂಡಿದ್ದೆ. ಮಗಳು ಕೈ ಹಿಡಿದು ಎಳೆದಾಗ ಗೊತ್ತಾಯಿತು.

ಈಗ ಪ್ರಶ್ನೆ. ಸೇಂಟ್ ಲೂಯಿಸ್‌ಗೆ ಮುಂಚಿನ ಹಂತ, ಅಂದರೆ ರೀಜನಲ್, ನಮಗೆ ಬಿದ್ದಿದ್ದು ನಾರ್ತ್ ಡಕೋಟಾದ ಫಾರ್ಗೋದಲ್ಲಿ. ವರ್ಷವಿಡೀ ಗೆದ್ದು ತನ್ನ ರೀಜನಲ್‌ನಲ್ಲಿ ಮೊದಲ ಶ್ರೇಯಾಂಕ ಪಡೆದ ತಂಡ ಅಷ್ಟು ದೂರ ಹೋಗಬೇಕು. ಗುರುವಾರ ಒಂದು ಪಂದ್ಯ, ಶನಿವಾರ ಇನ್ನೊಂದು. ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಹೋಗಲು ಆಗುತ್ತದೆ? ಟಿವಿಯಲ್ಲಿ ಖಾಲಿ ಸೀಟು ಕಂಡು ಹೊಟ್ಟೆ ಉರಿಯಿತು. ಈ ಪಂದ್ಯಗಳನ್ನು ಮೇಲಿನ ಶ್ರೇಯಾಂಕದ ಕಾಲೇಜಿನಲ್ಲೇ ಆಡಿಸಬೇಕು ಅನ್ನುವುದು ನನ್ನ ವಾದ. ನೀವೇನು ಹೇಳುತ್ತೀರಿ?

ಡೆನ್ವರ್_ದೇಸಾಯಿ
ಅಭಿನಂದನೆ ಕಿಟ್ಟಿ ಅವರೇ. ನಮ್ಮನ್ನು ಮೂರು ವಾರದಲ್ಲಿ ಎರಡು ಸಲ, ಎರಡೂ ಸಲ ಡಬಲ್ ಓವರ್‌ಟೈಮ್‌ನಲ್ಲಿ ಸೋಲಿಸಿದಿರಿ. ಕಾನ್ಫರೆನ್ಸ್ (ನಮ್ಮ ಕಾಲೇಜುಗಳ ಗುಂಪಿನ) ಫೈನಲ್ 4-3, ಆಮೇಲೆ ಇದು 3-2. ಇನ್ನೂ ನಿದ್ದೆ ಸರಿಯಾಗಿ ಬಂದಿಲ್ಲ ರೀ.

ಎಡಿಸನ್_ಅಮ್ಮ
ನನ್ನ ಮಗ ಪೆನ್ ಸ್ಟೇಟ್‌ನಲ್ಲಿ ಓದುತ್ತಿದ್ದಾನೆ. ನನಗೆ ಹಾಕಿ ಗೊತ್ತಿರಲಿಲ್ಲ. ಮಾರ್ಚ್ 30, ಭಾನುವಾರ, ಯುಗಾದಿ. ಬೆಳಗ್ಗೆ ಬೇವು ಬೆಲ್ಲ, ಮಧ್ಯಾಹ್ನ ಒಬ್ಬಟ್ಟು ಎಲ್ಲ ಆಯಿತು. 'ಅಮ್ಮ, ಅಲೆನ್‌ಟೌನ್ ಇಲ್ಲೇ ಹತ್ತಿರ, ಬಾ' ಅಂದ. ಹಬ್ಬದ ದಿನ ಆಟ ನೋಡಲು ಹೋಗುವುದೇ ಅಂತ ಅಂದುಕೊಂಡೇ ಹೋದೆ. ರೇಷ್ಮೆ ಸೀರೆ ಮೇಲೆ ದಪ್ಪ ಜಾಕೆಟ್!

ಕನೆಟಿಕಟ್ ಮೇಲೆ ಪೆನ್ ಸ್ಟೇಟ್. 2-2 ಆಗಿ ಓವರ್‌ಟೈಮ್‌ಗೆ ಹೋಯಿತು. ಒಂದು ಗೋಲು ಬಿದ್ದರೆ ಮುಗಿಯಿತು ಅಂತ ಮಗ ಹೇಳಿದ ಮೇಲೆ ನನ್ನ ಎದೆ ಹೊಡೆದುಕೊಳ್ಳಲು ಶುರುವಾಯಿತು. ಗೆದ್ದಾಗ ಪಕ್ಕದ ಯಾರೋ ಹೆಂಗಸು ನನ್ನನ್ನು ತಬ್ಬಿಕೊಂಡು ಅತ್ತರು. ಅವರ ಮಗ ಆಟಗಾರನೇನೂ ಅಲ್ಲ, ಬ್ಯಾಂಡ್‌ನಲ್ಲಿ ಟ್ರಾಂಬೋನ್ ನುಡಿಸುವವನು. ಪೆನ್ ಸ್ಟೇಟ್ ಮೊದಲ ಸಲ ಕೊನೆಯ ನಾಲ್ಕಕ್ಕೆ ಹೋಯಿತಂತೆ. ಅರೀನಾ ತುಂಬಿ ತುಳುಕುತ್ತಿತ್ತು. ಖಾಲಿ ಸೀಟು ಎಲ್ಲಿ ಬಂತು?

ಮೇನ್_ಮಂಜು
ಅಮ್ಮ, ಬೇಸರ ಮಾಡಿಕೊಳ್ಳಬೇಡಿ, ಆದರೆ ನಿಮ್ಮ ಪೋಸ್ಟೇ ನನ್ನ ತಕರಾರಿಗೆ ಸಾಕ್ಷಿ. ಅಲೆನ್‌ಟೌನ್‌ನಲ್ಲಿ ಅತಿಥೇಯ ಕಾಲೇಜು ಯಾವುದು? ಪೆನ್ ಸ್ಟೇಟ್. ಅತಿಥೇಯ ಕಾಲೇಜು ಟೂರ್ನಿಗೆ ಅರ್ಹತೆ ಪಡೆದರೆ ಅದನ್ನು ಅಲ್ಲಿಗೇ ಹಾಕುತ್ತಾರೆ. ಅಲ್ಲಿ ಮೊದಲ ಶ್ರೇಯಾಂಕ ನಮ್ಮ ಮೇನ್‌ಗೆ, ನಾಲ್ಕನೆಯದು ಪೆನ್ ಸ್ಟೇಟ್‌ಗೆ. ಹೆಸರಿಗೆ ತಟಸ್ಥ ಜಾಗ, ಕೂಗು ಪೂರ್ತಿ ಅವರದು. ನೀವು ನೋಡಿದ ಪಂದ್ಯಕ್ಕೆ ಮೊದಲು ನಾವು ಅವರಿಗೆ 5-1 ಸೋತೆವು.

ಅದಕ್ಕೆ ವಾರದ ಹಿಂದೆ ಬಾಸ್ಟನ್‌ನಲ್ಲಿ ನಮ್ಮ ಕಾನ್ಫರೆನ್ಸ್ ಹಾಕಿ ಈಸ್ಟ್ ಗೆದ್ದಿದ್ದೆವು. 2004ರ ಮೇಲೆ ಮೊದಲ ಸಲ. ಓರೋನೋದ ಆಲ್ಫಂಡ್ ಅರೀನಾದಲ್ಲಿ ಆಡಿಸಿದ್ದರೆ ಏನಾಗುತ್ತಿತ್ತೋ ನೋಡಬೇಕಿತ್ತು. ಆ ಚಾವಣಿ ಕೆಳಗೆ ಸದ್ದು ಹೊರಗೆ ಹೋಗುವುದೇ ಇಲ್ಲ.

ಎಡಿಸನ್_ಅಮ್ಮ
ಬೇಸರ ಯಾಕಪ್ಪ. ಇದು ನನಗೆ ಗೊತ್ತಿರಲಿಲ್ಲ. ಮಗನನ್ನು ಕೇಳಿದೆ, ಹೌದು ಅಂದ. ಆದರೂ 5-1 ಅಂದರೆ ಬರೀ ಕೂಗಿನಿಂದ ಆಗಲ್ಲ ಅಲ್ವಾ?

ಮೇನ್_ಮಂಜು
ಅದೂ ನಿಜ. ಅವತ್ತು ಅವರು ಚೆನ್ನಾಗಿ ಆಡಿದರು.

ಹೊಸಬ_ಹರ್ಷ
ತುಂಬಾ ಬೇಸಿಕ್ ಪ್ರಶ್ನೆ. ನಾನು ಆಗಸ್ಟ್‌ನಲ್ಲಿ ಎಂಎಸ್‌ಗೆ ಬಂದವನು. ಒಟ್ಟು ಎಷ್ಟು ತಂಡ, ಹೇಗೆ ಆಯ್ಕೆ? ಓವರ್‌ಟೈಮ್‌ನಲ್ಲಿ ಮೂರು ಮೂರು ಜನ ಆಡುತ್ತಾರೆ ಅಂತ ನೋಡಿದ ನೆನಪು.

ಲೆಕ್ಕದ_ಮೇಷ್ಟ್ರು
ಹರ್ಷ, 16 ತಂಡ. ಆರು ಕಾನ್ಫರೆನ್ಸ್ ಇವೆ, ಅವುಗಳ ಪ್ಲೇಆಫ್ ಗೆದ್ದ ಆರು ತಂಡಗಳಿಗೆ ನೇರ ಪ್ರವೇಶ. ಉಳಿದ 10 ಜಾಗಕ್ಕೆ ವರ್ಷದ ಫಲಿತಾಂಶಗಳ ಲೆಕ್ಕ ನೋಡಿ ಆರಿಸುತ್ತಾರೆ. ಈ ಸಲ ಬಳಸಿದ ಲೆಕ್ಕಕ್ಕೆ ಪೇರ್‌ವೈಸ್ ಅಂತ ಹೆಸರು. ಯಾರ ಮೇಲೆ ಗೆದ್ದಿರಿ, ಅವರು ಯಾರ ಮೇಲೆ ಗೆದ್ದರು, ಎಲ್ಲಾ ಸೇರುತ್ತದೆ. ಮಾರ್ಚ್‌ನಲ್ಲಿ ನಾನು ಬೆಳಗ್ಗೆ ಎದ್ದು ಹಲ್ಲು ಉಜ್ಜುವ ಮೊದಲು ಅದನ್ನೇ ನೋಡುವುದು. ಆಮೇಲೆ ನಾಲ್ಕು ಊರಲ್ಲಿ ನಾಲ್ಕು ನಾಲ್ಕು ತಂಡ. ಒಂದು ಸೋಲು, ಮನೆಗೆ. ನಾಲ್ಕು ಊರಿನಲ್ಲಿ ಗೆದ್ದವರು ಕೊನೆಯ ಹಂತಕ್ಕೆ. ಅದೇ ಫ್ರೋಜನ್ ಫೋರ್.

ಮೂರು ಮೂರು ಜನ ಆಡುವುದು ಲೀಗ್ ಪಂದ್ಯಗಳಲ್ಲಿ, ಅದೂ ಐದೇ ನಿಮಿಷ. ಪ್ಲೇಆಫ್‌ನಲ್ಲಿ ಗೋಲ್‌ಕೀಪರ್ ಬಿಟ್ಟು ಐದೈದು ಜನ, ಪೂರ್ತಿ 20 ನಿಮಿಷದ ಪೀರಿಯಡ್. ಗೋಲು ಬೀಳುವವರೆಗೂ ನಡೆಯುತ್ತಲೇ ಇರುತ್ತದೆ. ಟೈಬ್ರೇಕರ್ ಇಲ್ಲ, ಶೂಟೌಟ್ ಇಲ್ಲ.

ಡುಲುತ್_ದಿನೇಶ
'ನಡೆಯುತ್ತಲೇ ಇರುತ್ತದೆ' ಅನ್ನುವುದಕ್ಕೆ ನಾನೇ ಸಾಕ್ಷಿ. 2021, ಮಾರ್ಚ್ 27. ಅದೇ ಫಾರ್ಗೋ. ಮಿನ್ನೆಸೋಟ ಡುಲುತ್, ಎದುರಿಗೆ ನಾರ್ತ್ ಡಕೋಟಾ. ನಾವು 2-0 ಮುಂದಿದ್ದೆವು, ಇನ್ನೇನು ಎರಡು ನಿಮಿಷವೂ ಇರಲಿಲ್ಲ. ಅವರು ಗೋಲ್‌ಕೀಪರ್‌ನನ್ನು ಹೊರಗೆ ಕರೆದು ಎರಡು ಗೋಲು ಹೊಡೆದರು! ಆಮೇಲೆ ಐದು ಓವರ್‌ಟೈಮ್. ಒಟ್ಟು 142 ನಿಮಿಷ 13 ಸೆಕೆಂಡ್ ಆಟ. ಎರಡು ಪಂದ್ಯಕ್ಕಿಂತ ಜಾಸ್ತಿ. ಮಧ್ಯರಾತ್ರಿ ದಾಟಿತ್ತು. ನಾನು ಟಿವಿ ಮುಂದೆ ಚಿತ್ರಾನ್ನ ಬಿಸಿ ಮಾಡಿಕೊಂಡು ಎರಡನೇ ಸಲ ಊಟ ಮಾಡಿದೆ. ಕೊನೆಗೆ ಲ್ಯೂಕ್ ಮೈಲಿಮಾಕ್ ಗೋಲು, 3-2. ಕಾಲೇಜು ಹಾಕಿ ಇತಿಹಾಸದಲ್ಲೇ ಅತಿ ಉದ್ದದ ಪಂದ್ಯ ಅದು.

ಮೇನ್_ಮಂಜು
ಒಂದು ತಿದ್ದುಪಡಿ ದಿನೇಶಣ್ಣ. ಎನ್‌ಸಿಎಎ (ಕಾಲೇಜು ಕ್ರೀಡೆಗಳ ಸಂಸ್ಥೆ) ನಡೆಸುವ ಈ ರಾಷ್ಟ್ರೀಯ ಟೂರ್ನಿಯಲ್ಲಿ ಅದೇ ಉದ್ದ. ಒಟ್ಟಾರೆ ನೋಡಿದರೆ 2015ರ ಮಾರ್ಚ್‌ನಲ್ಲಿ ಹಾಕಿ ಈಸ್ಟ್ ಪ್ಲೇಆಫ್‌ನ ಮ್ಯಾಸಚೂಸೆಟ್ಸ್ ಮತ್ತು ನೋಟರ್ ಡೇಮ್ ಪಂದ್ಯ. ಅದೂ ಐದು ಓವರ್‌ಟೈಮ್, 151 ನಿಮಿಷ 42 ಸೆಕೆಂಡ್. ಮ್ಯಾಸಚೂಸೆಟ್ಸ್ 4-3.

ಡುಲುತ್_ದಿನೇಶ
ಸರಿ, ಒಪ್ಪಿದೆ. ಒಂಬತ್ತು ನಿಮಿಷ ಬಿಟ್ಟುಕೊಡುತ್ತೇನೆ 🙂

ಹೊಸಬ_ಹರ್ಷ
ಗೋಲ್‌ಕೀಪರ್‌ನನ್ನು ಹೊರಗೆ ಕರೆಯುವುದು ಅಂದರೆ? ಗೋಲು ಖಾಲಿ ಬಿಡುತ್ತಾರಾ?

ಹ್ಯಾಮ್ಡನ್_ಹೇಮಾ
ಹೌದು ಹರ್ಷ, ಪೂರ್ತಿ ಖಾಲಿ. ಸೋಲುತ್ತಿರುವ ತಂಡ ಕೊನೆಯ ನಿಮಿಷಗಳಲ್ಲಿ ಅವನ ಬದಲು ಆರನೇ ಆಟಗಾರನನ್ನು ಇಳಿಸುತ್ತದೆ. ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಎದುರಾಳಿ ಕೈಗೆ ಸಿಕ್ಕರೆ ರಿಂಕ್‌ನ ಆ ತುದಿಯಿಂದಲೇ ತಳ್ಳಿ ಗೋಲು ಮಾಡುತ್ತಾರೆ. ಆದರೂ ಆ ಅಪಾಯ ತೆಗೆದುಕೊಳ್ಳುತ್ತಾರೆ.

2023ರ ಫೈನಲ್ ಹುಡುಕಿ ನೋಡಿ. ಟ್ಯಾಂಪಾದಲ್ಲಿ. ನಮ್ಮ ಕ್ವಿನಿಪಿಯಾಕ್, ಎದುರಿಗೆ ಮಿನ್ನೆಸೋಟ. ಅವರು ಐದು ಸಲದ ಚಾಂಪಿಯನ್, ನಾವು ಒಂದು ಸಲವೂ ಇಲ್ಲ. 2-1 ಹಿಂದೆ ಇದ್ದೆವು. ಕೋಚ್ ಗೋಲ್‌ಕೀಪರ್‌ನನ್ನು ಬೇಗನೇ ಎಳೆದರು, ಇನ್ನೂ ಮೂರು ನಿಮಿಷದ ಹತ್ತಿರ ಬಾಕಿ ಇತ್ತು. 'ಅಯ್ಯೋ ಇಷ್ಟು ಬೇಗ ಯಾಕೆ' ಅಂತ ನಾನು ತಲೆ ಮೇಲೆ ಕೈ ಇಟ್ಟುಕೊಂಡೆ. ಗೋಲು ಬಿತ್ತು! ಸಮ! ಓವರ್‌ಟೈಮ್ ಶುರುವಾದ 10ನೇ ಸೆಕೆಂಡಿಗೆ ಜೇಕಬ್ ಕ್ವಿಲನ್ ಹೊಡೆದ. ಹತ್ತೇ ಸೆಕೆಂಡ್. ನನ್ನ ಯಜಮಾನರು ನೀರು ತರಲು ಅಡುಗೆಮನೆಗೆ ಹೋಗಿದ್ದರು. ಇವತ್ತಿಗೂ ಅದನ್ನು ನೆನೆಸಿಕೊಂಡು ಕೊರಗುತ್ತಾರೆ.

ಯೋಸ್ಟ್_ಯೋಗೀಶ
ಮೂಲ ಪ್ರಶ್ನೆಗೆ ಬರೋಣ. ನಾನು ಆನ್ ಆರ್ಬರ್‌ನಲ್ಲಿ 28 ವರ್ಷದಿಂದ ಇದ್ದೇನೆ. ನಮ್ಮ ಮಿಶಿಗನ್ ಯೂನಿವರ್ಸಿಟಿಯ ಯೋಸ್ಟ್ ಅರೀನಾ 1923ರ ಕಟ್ಟಡ, ಒಳಗೆ ಐಸ್ ಬಂದಿದ್ದು 1973ರಲ್ಲಿ. 1998ರಲ್ಲಿ ರೀಜನಲ್ ಅಲ್ಲೇ ನಡೆಯಿತು. ನಾರ್ತ್ ಡಕೋಟಾ ಹಿಂದಿನ ವರ್ಷದ ಚಾಂಪಿಯನ್, ನಮಗಿಂತ ಬಲವಾದ ತಂಡ, ಅನುಮಾನವೇ ಇಲ್ಲ. ನಾನು ಆಗ ವಿದ್ಯಾರ್ಥಿ. ಮೂರನೇ ಪೀರಿಯಡ್‌ನಲ್ಲಿ ಕೂತವರೇ ಇರಲಿಲ್ಲ. ಮರದ ಹಲಗೆಗಳ ಮೇಲೆ ಕಾಲು ಕುಟ್ಟುವ ಸದ್ದಿಗೆ ಬ್ಯಾಂಡ್ ಕೇಳಿಸುತ್ತಿರಲಿಲ್ಲ. 4-3 ಗೆದ್ದೆವು, ಆಮೇಲೆ ಬಾಸ್ಟನ್‌ಗೆ ಹೋಗಿ ಪ್ರಶಸ್ತಿಯನ್ನೂ ಗೆದ್ದೆವು.

ಆ ರಾತ್ರಿ ನನ್ನ ಜೀವನದ ಒಳ್ಳೆಯ ರಾತ್ರಿಗಳಲ್ಲಿ ಒಂದು. ಆದರೂ ಹೇಳುತ್ತೇನೆ, ಅದು ನ್ಯಾಯವಾಗಿರಲಿಲ್ಲ. ನಾವು ಮೇಲಿನ ತಂಡವಲ್ಲ, ಆದರೂ ನಮ್ಮ ಮನೆಯಲ್ಲಿ ಆಡಿದೆವು. ಅದಕ್ಕೇ ಕಿಟ್ಟಿ ಅವರ ಮಾತು ಸರಿ. ಮನೆ ಅನುಕೂಲ ಯಾರಿಗಾದರೂ ಸಿಗುವುದೇ ಆದರೆ, ಅದನ್ನು ಸಂಪಾದಿಸಿದವರಿಗೆ ಸಿಗಲಿ.

ಡೆನ್ವರ್_ದೇಸಾಯಿ
ನಾನು ಒಪ್ಪಲ್ಲ. ಕಾಲೇಜಿನ ರಿಂಕ್ ಅಂದರೆ ನಾಲ್ಕು ಸಾವಿರ, ಆರು ಸಾವಿರ ಸೀಟು. ಎದುರು ತಂಡದ ತಂದೆ ತಾಯಿಗಳಿಗೆ ಎಷ್ಟು ಟಿಕೆಟ್ ಉಳಿಯುತ್ತದೆ? ನಾಲ್ಕು ವರ್ಷ ಆಡಿದ ಹುಡುಗನ ಕೊನೆಯ ಪಂದ್ಯ ಅದಾಗಬಹುದು. ಅಪ್ಪ ಅಮ್ಮ ಹೊರಗೆ ನಿಲ್ಲಬೇಕಾ? ಇನ್ನೊಂದು, ಬೆಂಟ್ಲಿಯಂಥ ಸಣ್ಣ ಕಾಲೇಜು. ಈ ವರ್ಷ ಮೊದಲ ಸಲ ಟೂರ್ನಿಗೆ ಬಂದಿತು. ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್‌ನಲ್ಲಿ ಬಾಸ್ಟನ್ ಕಾಲೇಜಿಗೆ 3-1 ಸೋತರೂ ಎಷ್ಟು ಚೆನ್ನಾಗಿ ಹೋರಾಡಿದರು! ಅದನ್ನು ಬಾಸ್ಟನ್ ಕಾಲೇಜಿನ ರಿಂಕ್‌ನಲ್ಲೇ ಆಡಿಸಿದ್ದರೆ ಅಷ್ಟು ಹತ್ತಿರ ಬರುತ್ತಿದ್ದರಾ?

ಕಲಾಮಜೂ_ಕಿಟ್ಟಿ
ದೇಸಾಯರೇ, ತಂದೆ ತಾಯಿಗಳ ಮಾತು ನಿಜ. ಅವರಿಗೆ ಇಷ್ಟು ಸೀಟು ಅಂತ ಮೊದಲೇ ತೆಗೆದಿಡಬೇಕು. ಆದರೆ ಅರ್ಧ ಖಾಲಿ ಅರೀನಾದಲ್ಲಿ ಆ ಹುಡುಗನ ಕೊನೆಯ ಪಂದ್ಯ ಮುಗಿಯುವುದು ಒಳ್ಳೆಯದಾ? ಕಾನ್ಫರೆನ್ಸ್ ಕ್ವಾರ್ಟರ್‌ಫೈನಲ್ ಲಾಸನ್‌ನಲ್ಲಿ ನಡೆದಾಗ ನೋಡಿದ್ದೇನೆ. ಸೋತ ತಂಡದ ನಾಲ್ಕನೇ ವರ್ಷದ ಹುಡುಗರು ಐಸ್ ಬಿಟ್ಟು ಹೋಗುವುದೇ ಇಲ್ಲ. ಕೋಲು ಊರಿಕೊಂಡು ಸುಮ್ಮನೆ ನಿಂತಿರುತ್ತಾರೆ. ನಮ್ಮ ವಿದ್ಯಾರ್ಥಿಗಳು, ಅಷ್ಟು ಹೊತ್ತು ಅವರನ್ನು ರೇಗಿಸಿದವರೇ, ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ಅಷ್ಟು ಜನರ ಎದುರು ಸೋಲುವುದಕ್ಕೂ ಒಂದು ತೂಕ ಇದೆ.

ಮ್ಯಾಡಿಸನ್_ಮೈಥಿಲಿ
ಹೆಂಗಸರ ಟೂರ್ನಿ ನೋಡಿ! ಅಲ್ಲಿ ಕ್ವಾರ್ಟರ್‌ಫೈನಲ್‌ಗಳು ಕಾಲೇಜಿನ ರಿಂಕ್‌ನಲ್ಲೇ ನಡೆಯುತ್ತವೆ, ಯಾರಿಗೂ ಏನೂ ತೊಂದರೆ ಆಗಿಲ್ಲ. ಇಷ್ಟು ಹೊತ್ತು ಚರ್ಚೆ ನಡೆದರೂ ಯಾರೂ ಆ ಕಡೆ ತಿರುಗಿಯೂ ನೋಡಲಿಲ್ಲ, ಅದೇ ನನಗೆ ಬೇಸರ.

ಮಾರ್ಚ್ 23ರಂದು ಮಿನಿಯಾಪೊಲಿಸ್‌ನ ರಿಡರ್ ಅರೀನಾದಲ್ಲಿ ಫೈನಲ್. ನಮ್ಮ ವಿಸ್ಕಾನ್ಸಿನ್ ಮತ್ತು ಒಹಾಯೋ ಸ್ಟೇಟ್. ನಾವು 3-2 ಹಿಂದೆ. ಕೊನೆಯ ನಿಮಿಷವೂ ಕರಗುತ್ತಿದೆ. ನಮಗೆ ಪೆನಾಲ್ಟಿ ಶಾಟ್ ಸಿಕ್ಕಿತು. ಇಡೀ ಐಸ್ ಮೇಲೆ ಇಬ್ಬರೇ, ಕರ್ಸ್ಟನ್ ಸಿಮ್ಸ್ ಮತ್ತು ಗೋಲ್‌ಕೀಪರ್. ಗಡಿಯಾರದಲ್ಲಿ 18.9 ಸೆಕೆಂಡ್. ಗೋಲು! ಆಮೇಲೆ ಓವರ್‌ಟೈಮ್‌ನಲ್ಲೂ ಅವಳೇ ಹೊಡೆದಳು. 4-3, ಎಂಟನೇ ಪ್ರಶಸ್ತಿ. ಈ ವರ್ಷ ಕಾಲೇಜು ಹಾಕಿಯ ಅತ್ಯುತ್ತಮ ಪಂದ್ಯ ಯಾವುದು ಅಂದರೆ ಸೇಂಟ್ ಲೂಯಿಸ್‌ದಲ್ಲ, ಇದು.

ನನ್ನ ಮಗಳಿಗೆ ಒಂಬತ್ತು ವರ್ಷ. ಮರುದಿನವೇ ಸ್ಕೇಟ್ಸ್ ಕೇಳಿದಳು.

ಕಲಾಮಜೂ_ಕಿಟ್ಟಿ
ಮೈಥಿಲಿ ಅವರೇ, ನೀವು ಹೇಳಿದ್ದು ಸರಿ, ನಾನು ಬರೆಯಬೇಕಿತ್ತು. ಇವತ್ತು ರಾತ್ರಿ ಮಗಳ ಜೊತೆ ಕೂತು ಪೂರ್ತಿ ನೋಡುತ್ತೇನೆ. ಸ್ಕೇಟ್ಸ್ ವಿಷಯ: ಹೊಸದು ಕೊಳ್ಳಬೇಡಿ. ಮಕ್ಕಳ ಕಾಲು ವರ್ಷಕ್ಕೊಂದು ಸೈಜ್ ಬೆಳೆಯುತ್ತದೆ. ಊರಿನ ರಿಂಕ್‌ನಲ್ಲಿ ಕೇಳಿದರೆ ಬಳಸಿದ್ದು ಸಿಗುತ್ತದೆ. ಹರಿತ ಮಾಡಿಸುವುದು ಮರೆಯಬೇಡಿ.

ಮಡಿಕೇರಿ_ಮಾದಪ್ಪ
ಊರಿಂದ ಬರೆಯುತ್ತಿದ್ದೇನೆ. ಐಸ್ ಹಾಕಿ ನೋಡಿಲ್ಲ, ಆದರೆ ನೀವು ಹೇಳುವುದೆಲ್ಲ ನನಗೆ ಅರ್ಥವಾಗುತ್ತದೆ. ಈಗ ಇಲ್ಲಿ ಮುದ್ದಂಡ ಹಾಕಿ, ಅಂದರೆ ಕೊಡವ ಕುಟುಂಬಗಳ ಹಾಕಿ ಹಬ್ಬ, ನಡೆಯುತ್ತಿದೆ. ಈ ವರ್ಷ 396 ಕುಟುಂಬದ ತಂಡಗಳು. ಒಂದೇ ತಂಡದಲ್ಲಿ ಅಜ್ಜ, ಮೊಮ್ಮಗಳು, ಎಲ್ಲರೂ. ಇಲ್ಲೂ ಅಷ್ಟೇ, ಒಂದು ಸೋತರೆ ಮುಗಿಯಿತು. ನಿಮಗೆ ಬ್ಯಾಂಡ್, ನಮಗೆ ವಾಲಗ.

ನಮ್ಮಲ್ಲಿ ಪ್ರತಿ ವರ್ಷ ಒಂದು ಕುಟುಂಬ ನಡೆಸಿಕೊಡುತ್ತದೆ, ಹಬ್ಬಕ್ಕೆ ಅವರ ಹೆಸರೇ. ಹಾಗಾಗಿ ಜಾಗ ಯಾರದು ಅನ್ನುವ ಜಗಳ ಇಲ್ಲ. ಒಂದೇ ಊರು, ಎಲ್ಲರೂ ಅಲ್ಲಿಗೇ ಬರುವುದು. ನಿಮ್ಮಲ್ಲೂ 16 ತಂಡ ಒಂದೇ ಕಡೆ ಯಾಕೆ ಸೇರಬಾರದು?

ಲೆಕ್ಕದ_ಮೇಷ್ಟ್ರು
ಮಾದಪ್ಪನವರೇ, ಒಳ್ಳೆಯ ಪ್ರಶ್ನೆ. ಶುರುವಿನಲ್ಲಿ ಹಾಗೇ ಇತ್ತು. 1948ರ ಮೊದಲ ಟೂರ್ನಿಯಿಂದ 1957ರವರೆಗೆ ಪ್ರತಿ ವರ್ಷ ಕೊಲೊರಾಡೋ ಸ್ಪ್ರಿಂಗ್ಸ್‌ನಲ್ಲೇ ನಡೆಯುತ್ತಿತ್ತು. ಆಗ ನಾಲ್ಕೇ ತಂಡ. ಈಗ 16 ತಂಡಕ್ಕೆ ಒಂದೇ ಕಡೆ ಐಸ್ ಸಾಕಾಗಲ್ಲ. ಪ್ರತಿ ಪೀರಿಯಡ್ ಆದ ಮೇಲೆ ಜಾಂಬೋನಿ ಗಾಡಿ ಓಡಿಸಿ, ನೀರು ಹಾಯಿಸಿ, ಹೆಪ್ಪುಗಟ್ಟಿಸಬೇಕು. ಒಂದು ಪಂದ್ಯ ಐದು ಓವರ್‌ಟೈಮ್ ಹೋದರೆ ಮುಂದಿನ ಪಂದ್ಯದವರು ಬೆಳಗಿನ ಜಾವ ಆಡಬೇಕು.

ಇಥಾಕಾ_ಇಂದಿರಾ
ನಾನು ಕಾರ್ನೆಲ್ ಕಡೆಯವಳು. ಲೈನಾ ರಿಂಕ್‌ಗೆ ಹಾರ್ವರ್ಡ್ ಬಂದರೆ ಐಸ್ ಮೇಲೆ ಮೀನು ಬೀಳುತ್ತದೆ, ನಿಜವಾದ ಮೀನು. ಎದುರು ತಂಡದ ಹೆಸರು ಓದುವಾಗ ಎಲ್ಲರೂ ದಿನಪತ್ರಿಕೆ ಬಿಡಿಸಿ ಮುಖಕ್ಕೆ ಹಿಡಿಯುತ್ತಾರೆ. 1970ರಲ್ಲಿ ಇದೇ ಕಾರ್ನೆಲ್ 29 ಪಂದ್ಯ ಆಡಿ 29ನ್ನೂ ಗೆದ್ದಿತ್ತು. ಒಂದು ಸೋಲಿಲ್ಲ, ಒಂದು ಡ್ರಾ ಇಲ್ಲ.

ಈ ವರ್ಷ ಲೇಕ್ ಪ್ಲಾಸಿಡ್‌ಗೆ ಹೋಗಿದ್ದೆ, ನಮ್ಮ ಕಾನ್ಫರೆನ್ಸ್ ಇಸಿಎಸಿಯ ಕೊನೆಯ ಹಂತಕ್ಕೆ. 1980ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕಾಲೇಜು ಹುಡುಗರು ಸೋವಿಯತ್ ತಂಡವನ್ನು ಸೋಲಿಸಿದ್ದು ಅದೇ ಐಸ್ ಮೇಲೆ. ಆ ತಂಡದ ಕೋಚ್ ಹರ್ಬ್ ಬ್ರೂಕ್ಸ್ ಹೆಸರೇ ಅರೀನಾಕ್ಕೆ. ಅಲ್ಲಿ ಕಾರ್ನೆಲ್ ಸತತ ಎರಡನೇ ವರ್ಷ ಗೆದ್ದಿತು. ಕೋಚ್ ಮೈಕ್ ಶಾಫರ್ 30 ವರ್ಷದ ಮೇಲೆ ನಿವೃತ್ತರಾಗುವ ವರ್ಷ ಇದು. ಆಮೇಲೆ ಟೊಲೆಡೋದಲ್ಲಿ ಮಿಶಿಗನ್ ಸ್ಟೇಟ್‌ನಂಥ ದೊಡ್ಡ ತಂಡವನ್ನು ಕೊನೆಯ ಸೆಕೆಂಡುಗಳ ಗೋಲಿನಿಂದ ಹೊರಗೆ ಹಾಕಿದರು. ಮುಂದಿನ ಪಂದ್ಯ ಬಾಸ್ಟನ್ ಯೂನಿವರ್ಸಿಟಿ ಎದುರು, ಓವರ್‌ಟೈಮ್‌ನಲ್ಲಿ 3-2 ಸೋಲು. 30 ವರ್ಷ ಒಂದು ಹೊಡೆತಕ್ಕೆ ಮುಗಿಯಿತು. ಕಾರಿನಲ್ಲಿ ವಾಪಸ್ ಬರುವಾಗ ನಾನೂ ನನ್ನ ತಂಗಿಯೂ ಮಾತೇ ಆಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಮೂರರಲ್ಲಿ ಎರಡು ಗೆಲ್ಲುವ ಸರಣಿ ಇರಲಿ. ಒಂದೇ ಪಂದ್ಯಕ್ಕೆ ಇಡೀ ವರ್ಷ ಒಪ್ಪಿಸುವುದು ಕ್ರೂರ.

ಡುಲುತ್_ದಿನೇಶ
ಇಂದಿರಕ್ಕ, ಸರಣಿ ಇದ್ದಿದ್ದರೆ ಕಾರ್ನೆಲ್ ಮಿಶಿಗನ್ ಸ್ಟೇಟ್ ಮೇಲೆ ಗೆಲ್ಲುತ್ತಿತ್ತಾ?

ಇಥಾಕಾ_ಇಂದಿರಾ
ಗೆಲ್ಲುತ್ತಿದ್ದರು ಅಂತಲೇ ನನ್ನ ನಂಬಿಕೆ.

ಡುಲುತ್_ದಿನೇಶ
ನಾನು ನಂಬಲ್ಲ. ಒಂದೇ ಪಂದ್ಯ ಇರುವುದಕ್ಕೇ ಸಣ್ಣವರಿಗೆ ಬಾಗಿಲು ತೆರೆದಿರುವುದು. ಅದನ್ನು ಮುಚ್ಚಬೇಡಿ.

ಹ್ಯಾಮ್ಡನ್_ಹೇಮಾ
ಮುಂದಿನ ವರ್ಷ ಇನ್ನೊಂದು ಬದಲಾವಣೆ ಇದೆ. ಕೆನಡಾದ ಮೇಜರ್ ಜೂನಿಯರ್, ಅಂದರೆ ಹದಿಹರೆಯದವರ ದೊಡ್ಡ ಲೀಗ್‌ಗಳಲ್ಲಿ ಆಡಿದವರಿಗೆ ಇಷ್ಟು ವರ್ಷ ಕಾಲೇಜು ಹಾಕಿ ಬಾಗಿಲು ಮುಚ್ಚಿತ್ತು. 2025ರ ಆಗಸ್ಟ್‌ನಿಂದ ಅವರೂ ಬರಬಹುದು. ಹೆಸರಾಂತ ಹುಡುಗರೆಲ್ಲ ದೊಡ್ಡ ಕಾಲೇಜಿಗೇ ಹೋಗುತ್ತಾರೆ. ಕ್ವಿನಿಪಿಯಾಕ್, ವೆಸ್ಟರ್ನ್ ಮಿಶಿಗನ್‌ನಂಥವರ ಕಥೆ ಏನಾಗುತ್ತದೋ ಅಂತ ನನಗೆ ನಿಜವಾಗಿ ಭಯ ಇದೆ.

ಕಲಾಮಜೂ_ಕಿಟ್ಟಿ
ನಮ್ಮ ತಂಡದಲ್ಲಿ ಬಹಳ ಜನ ವಯಸ್ಸಿನಲ್ಲಿ ದೊಡ್ಡವರು ಹೇಮಾ ಅವರೇ. ಜೂನಿಯರ್ ಲೀಗ್ ಮುಗಿಸಿ ಬರುವ ಹೊತ್ತಿಗೆ ಮೊದಲ ವರ್ಷದವನಿಗೇ 20 ಆಗಿರುತ್ತದೆ. ಮೂರು ನಾಲ್ಕು ವರ್ಷ ಜೊತೆಯಲ್ಲಿ ಆಡುತ್ತಾರೆ. ಪಕ್ ಎಲ್ಲಿ ಬರುತ್ತದೆ ಅಂತ ನೋಡದೇ ಗೊತ್ತಿರುತ್ತದೆ. ಅದಕ್ಕೆ ಇನ್ನೂ ಬೆಲೆ ಇರುತ್ತದೆ. ನನ್ನ ಚಿಂತೆ ಬೇರೆ. ಊರ ಮಧ್ಯೆ ಹೊಸ ದೊಡ್ಡ ಅರೀನಾ ಕಟ್ಟುತ್ತಿದ್ದಾರೆ, ನಮ್ಮ ತಂಡ ಲಾಸನ್ ಬಿಟ್ಟು ಅಲ್ಲಿಗೆ ಹೋಗುತ್ತದೆ. ಆ ಸದ್ದು ಅಲ್ಲಿಗೆ ಬರುತ್ತದಾ?

ಯೋಸ್ಟ್_ಯೋಗೀಶ
ವಿದ್ಯಾರ್ಥಿಗಳನ್ನು ಗಾಜಿನ ಪಕ್ಕದಲ್ಲೇ ಕೂರಿಸಿದರೆ ಬರುತ್ತದೆ. ದುಬಾರಿ ಸೀಟು ಅಂತ ಹಿಂದಕ್ಕೆ ತಳ್ಳಿದರೆ ಬರಲ್ಲ.

ಹೊಸಬ_ಹರ್ಷ
ಪ್ಲೇಆಫ್ ಮುಗಿದೇ ಹೋಯಿತು, ನಾನು ತಡ ಮಾಡಿದೆ. ಮುಂದಿನ ಸೀಸನ್ ಯಾವಾಗ? ಒಳಗೆ ತುಂಬಾ ಚಳಿನಾ?

ಎಡಿಸನ್_ಅಮ್ಮ
ಕಾಲಿಗೆ ಎರಡು ಜೊತೆ ಕಾಲುಚೀಲ ಹಾಕಿಕೋ ಮಗು. ಮೇಲೆ ಬೆಚ್ಚಗಿದ್ದರೂ ಚಳಿ ಕಾಲಿನಿಂದಲೇ ಏರುತ್ತದೆ.

ಕಲಾಮಜೂ_ಕಿಟ್ಟಿ
ಅಕ್ಟೋಬರ್‌ನಲ್ಲಿ ಶುರು. ಮಿಶಿಗನ್ ಕಡೆ ಬಂದರೆ ತಿಳಿಸಿ, ನಮ್ಮನೆಯಲ್ಲೇ ಉಳಿಯಿರಿ. 2026ರ ಫ್ರೋಜನ್ ಫೋರ್ ಲಾಸ್ ವೇಗಸ್‌ನಲ್ಲಿ. ನಾನಂತೂ ರಜೆ ಈಗಲೇ ಬರೆದಿಟ್ಟಿದ್ದೇನೆ.

ಮಡಿಕೇರಿ_ಮಾದಪ್ಪ
ಈಗಷ್ಟೇ ಆ ಡೆನ್ವರ್ ಪಂದ್ಯದ ಕೊನೆಯ ಗೋಲಿನ ವಿಡಿಯೋ ನೋಡಿದೆ. ಅಜ್ಜನಿಗೂ ತೋರಿಸಿದೆ. 81 ವರ್ಷ, ಹಳೆಯ ಸೆಂಟರ್ ಫಾರ್ವರ್ಡ್. 'ಚೆಂಡು ಕಾಣುವುದೇ ಇಲ್ಲವಲ್ಲ' ಅಂದರು. ಆಮೇಲೆ ಫೋನ್ ಕೈಗೆ ತೆಗೆದುಕೊಂಡು ಇನ್ನೊಂದು ಸಲ ಹಾಕು ಅಂದರು. ನಾಲ್ಕನೇ ಸಲಕ್ಕೆ ಹೇಳಿದರು: ಹೊಡೆದವನನ್ನು ನೋಡಬೇಡ, ಅವನು ಅಲ್ಲಿಗೆ ಬರುವ ಮೊದಲು ಎಲ್ಲಿದ್ದ ನೋಡು. ಮತ್ತೆ ನೋಡುತ್ತಿದ್ದೇವೆ.